ಎತ್ತಿಕೊಟ್ಟ ಮಾತು

ಮೈಕಿನ ಮುಂದೆ ಹಾಕಿದ್ದ ಕುರ್ಚಿಯಲ್ಲಿ ಅತ್ತೆ ಬಾಯಿಗೆ ಹೊಲಿಗೆ ಹಾಕಿದವರಂತೆ ಕೂತಿದ್ದರು. ರಂಗದ ದೀಪ ನೇರ ಅವರ ಮುಖಕ್ಕೆ ಹೊಡೆಯುತ್ತಿತ್ತು. ಧ್ವನಿಮುದ್ರಣಕ್ಕೆ ಬಂದಿದ್ದ ಮನುಷ್ಯ ಯಂತ್ರವನ್ನು ಚಾಲೂ ಮಾಡಿ, ಕಾದು, ಮತ್ತೆ ನಿಲ್ಲಿಸಿದ.

“ಹೇಗೆ ಬರುತ್ತೋ ಹಾಗೆ ಹೇಳಿಮ್ಮಾ. ತಪ್ಪಾದ್ರೂ ಪರವಾಗಿಲ್ಲ.”

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಏನು ಹೇಳ್ಬೇಕು?”

“ನಾಟಕ, ಅತ್ತೆ,” ಎಂದಳು ಸೊಸೆ, ಮುಂದಿನ ಸಾಲಿನ ಕುರ್ಚಿಯಿಂದ. “‘ಅಂಬಿಗನ ಹೆಂಡತಿ.’ ನಿಮ್ಮ ಕಂಪನಿಯದು.”

“ಅದನ್ನ ಪಾತ್ರದವರು ಹೇಳ್ತಾರೆ. ನಾನ್ಯಾಕೆ ಹೇಳ್ಲಿ?”

ಆ ಪಾತ್ರದವರು ಯಾರೂ ಈಗ ಉಳಿದಿರಲಿಲ್ಲ. ನಾಟಕ ಅಚ್ಚಾಗಿರಲಿಲ್ಲ, ಕೈಬರಹದ ಪ್ರತಿ ಗೆದ್ದಲಿನ ಪಾಲಾಗಿತ್ತು. ಕಂಪನಿಯ ಪ್ರಾಂಪ್ಟರ್ ಆಗಿ ಪಕ್ಕದ ಪರದೆಯ ಮರೆಯಲ್ಲಿ ನಿಂತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಎತ್ತಿಕೊಡುತ್ತಿದ್ದ ಅತ್ತೆಯ ತಲೆಯೊಳಗೆ ಮಾತ್ರ ಅದು ಇಡಿಯಾಗಿತ್ತು. ಆ ತಲೆಯೂ ಈಚೆಗೆ ಸೋರತೊಡಗಿತ್ತು. ಕಂಪನಿ ಬಹಳ ಕಾಲ ಬೀಡುಬಿಟ್ಟಿದ್ದ ಈ ರಂಗಮಂದಿರಕ್ಕೇ ಕರೆತಂದರೆ ನೆನಪು ಬಂದೀತೆಂದು, ಮನೆಯವರೆಲ್ಲ ಬೇಡವೆಂದರೂ ಸೊಸೆ ಹಟ ಹಿಡಿದು ಹೊರಟಿದ್ದಳು. ಬಸ್ಸಿನಲ್ಲಿ ಅತ್ತೆ ದಾರಿಯುದ್ದಕ್ಕೂ “ಯಾವೂರಿಗೆ ಹೋಗ್ತಿದೀವೇ?” ಎಂದು ಕೇಳುತ್ತಲೇ ಇದ್ದರು. ಪ್ರತಿ ಸಲವೂ ಅದು ಮೊದಲ ಸಲವೆಂಬಂತೆ ಸೊಸೆ ಉತ್ತರ ಕೊಟ್ಟಿದ್ದಳು.

“ಪಾಪ, ಸುಸ್ತಾಗಿರ್ಬೇಕು. ಇನ್ನೊಮ್ಮೆ ಯಾವಾಗಲಾದ್ರೂ ಮಾಡೋಣ,” ಎಂದ ಆತ. ದನಿಯಲ್ಲಿ ಕರುಣೆಯಿತ್ತು. ಸೊಸೆಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಆತ ಆಗಲೇ ಒಂದು ವಯರನ್ನು ಸುತ್ತತೊಡಗಿದ್ದ.

ಸೊಸೆ ಅತ್ತೆಯನ್ನೇ ನೋಡಿದಳು. ಅತ್ತೆಯ ಕಣ್ಣು ಮೈಕಿನ ಮೇಲಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಂದವರ ಹಾಗೆ, ಅದು ಎಡಗಡೆಯ ಪರದೆಯ ಮರೆಯ ವಿಂಗಿನತ್ತ, ಅಲ್ಲಿನ ಮರದ ಕಂಬದತ್ತ ಹೋಗಿ ಹೋಗಿ ಬರುತ್ತಿತ್ತು.

“ಅವರನ್ನ ಅಲ್ಲಿ ನಿಲ್ಲಿಸಿ ನೋಡೋಣ,” ಎಂದಳು.

ಆತ ಅರೆಮನಸ್ಸಿನಿಂದಲೇ ಒಂದು ಪುಟ್ಟ ಮೈಕನ್ನು ಅತ್ತೆಯ ಸೆರಗಿಗೆ ಸಿಕ್ಕಿಸಿದ. ವಿಂಗಿನ ಕತ್ತಲಿಗೆ ಕಾಲಿಟ್ಟದ್ದೇ ಅತ್ತೆಯ ಬೆನ್ನು ನೆಟ್ಟಗಾಯಿತು. ಕಂಬಕ್ಕೆ ಭುಜ ಕೊಟ್ಟು ನಿಂತರು. ರಂಗದತ್ತ ಕತ್ತು ಚಾಚಿ ನೋಡಿದರು.

“ಈಗ ಹೇಳಿ, ಅತ್ತೆ.”

“ಯಾರಿಗೆ ಹೇಳ್ಲಿ? ಸ್ಟೇಜ್ ಮೇಲೆ ಒಂದು ನರಪಿಳ್ಳೆ ಇಲ್ಲ. ಕುರ್ಚಿಗೆ ಎತ್ತಿಕೊಡ್ಲಾ?”

ಆತ ನಕ್ಕ. ಸೊಸೆಗೆ ನಗು ಬರಲಿಲ್ಲ. ಕಚೇರಿಯ ಮೀಟಿಂಗಿನಲ್ಲಿ ತನಗೆ ಗೊತ್ತಿದ್ದುದನ್ನೂ ಪಕ್ಕದವರ ಕಿವಿಯಲ್ಲಿ ಹೇಳಿ, ಅವರ ಬಾಯಿಂದ ಹೇಳಿಸುವವಳು ಅವಳು. ಚಪ್ಪಲಿ ಬಿಟ್ಟಳು. ಮೆಟ್ಟಿಲು ಹತ್ತಿದಳು. ಕುರ್ಚಿಯನ್ನು ಬದಿಗೆ ಸರಿಸಿ ದೀಪದ ಕೆಳಗೆ ನಿಂತಳು. ಖಾಲಿ ಕುರ್ಚಿಗಳತ್ತ ನೋಡಲಾಗದೆ ವಿಂಗಿನತ್ತ ತಿರುಗಿದಳು.

“ಅತ್ತೆ, ನಂಗೆ ಮಾತು ಮರೆತುಹೋಗಿದೆ.”

“ಗೊತ್ತಿದ್ದದ್ದು ಯಾವಾಗ, ಮರೆಯೋಕೆ?” ಎಂದರು ಅತ್ತೆ. ಮರುಕ್ಷಣವೇ ಕತ್ತಲೊಳಗಿಂದ ಬೇರೆಯದೇ ದನಿ ಬಂತು, ಬಾಣದಷ್ಟು ಸಣ್ಣಗೆ, ನೆಟ್ಟಗೆ: “ಮಹಾರಾಜ, ದೋಣಿ...”

“ಮಹಾರಾಜ, ದೋಣಿ...”

“ನಿಮ್ಮದು. ಹೊಳೆ...”

“ನಿಮ್ಮದು. ಹೊಳೆ...”

“ಯಾರದು? ಜೋರಾಗಿ ಹೇಳೇ. ಹಿಂದಿನ ಸಾಲಿನವರೂ ಕಿವಿ ಇಟ್ಕೊಂಡೇ ಬಂದಿರ್ತಾರೆ.”

“ಹೊಳೆ ಯಾರದು?” ಖಾಲಿ ಸಭಾಂಗಣದಲ್ಲಿ ತನ್ನದೇ ದನಿ ಕೇಳಿ ಸೊಸೆ ಬೆಚ್ಚಿದಳು.

“ಹಾಂ. ನಟರಿಗಾದ್ರೆ ಮೊದಲ ಅಕ್ಷರ ಸಾಕು. ನಿಂಗೆ ತುತ್ತು ಮಾಡಿ ಇಡಬೇಕು. ಮುಂದೆ ಕೇಳು.”

ಅಂಬಿಗನ ಹೆಂಡತಿ ಬಂದಳು, ರಾಜ ಬಂದ, ಕಾವಲುಗಾರ ಬಂದ. ಎಲ್ಲರ ಮಾತನ್ನೂ ಸೊಸೆಯೇ ಆಡಿದಳು. ಗಂಟಲು ಒಣಗಿತು. ಆತ ನೀರಿನ ಬಾಟಲಿ ಹಿಡಿದು ಬಂದಾಗ ಕೈಯೆತ್ತಿ ತಡೆದಳು. ಒಂದು ಗುಟುಕಿಗೆಂದು ನಿಂತರೂ ಎಳೆ ಕಡಿದುಹೋದೀತು. ರಂಗದ ಮೇಲೆ ನಿಂತ ಹೆದರಿಕೆ ಹೋಗಿರಲಿಲ್ಲ. ಅದನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಅವಳು ಒಂದೊಂದು ಸಾಲನ್ನೂ ಹಿಂದಿನ ಸಾಲಿನ ಕುರ್ಚಿಗಳ ತನಕ ಎಸೆದಳು.

“ಪರದೆ,” ಎಂದರು ಅತ್ತೆ ಕೊನೆಗೆ. “ಮುಗೀತು.”

ಆತ ಕಿವಿಯ ಮೇಲಿನ ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡ. “ಎಲ್ಲಾ ಬಂದಿದೆ. ಇನ್ನು ಅಮ್ಮ ಇಲ್ಲಿ ಬಂದು ತಮ್ಮ ಹೆಸರೊಂದು ಹೇಳಿಬಿಟ್ರೆ ಆಯ್ತು. ನಾಟಕ ಯಾರಿಂದ ಉಳೀತು ಅಂತ ಕೇಳೋರಿಗೆ ಗೊತ್ತಾಗ್ಬೇಕಲ್ಲ.”

ಅತ್ತೆ ತಾವಾಗಿಯೇ ನಡೆದು ಬಂದು ದೀಪದ ಕೆಳಗೆ ನಿಂತರು. ಸೆರಗು ಸರಿಮಾಡಿಕೊಂಡರು. ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಉಳಿಯಿತು. ಕಣ್ಣು ಮೆಲ್ಲಗೆ ವಿಂಗಿನತ್ತ ಹೊರಳಿತು. ಅಲ್ಲಿ ಯಾರೂ ಇರಲಿಲ್ಲ.

‘ನೀವೇ ಹೇಳಿಬಿಡಿ’ ಎಂದು ಆತ ಸೊಸೆಗೆ ಸನ್ನೆ ಮಾಡಿದ. ಸೊಸೆ ಒಲ್ಲೆನೆಂದು ತಲೆಯಾಡಿಸಿದಳು. ಬರಿಗಾಲಲ್ಲಿ ಸದ್ದಿಲ್ಲದೆ ಹೋಗಿ, ಕಂಬಕ್ಕೆ ಭುಜ ಕೊಟ್ಟು ನಿಂತು, ಅತ್ತೆಯ ಹೆಸರಿನ ಮೊದಲ ಅಕ್ಷರವನ್ನಷ್ಟೇ ಪಿಸುಗುಟ್ಟಿದಳು.

ಉಳಿದದ್ದನ್ನು ಅತ್ತೆ ಹೇಳಿದರು, ಹಿಂದಿನ ಸಾಲಿಗೂ ಕೇಳುವ ಹಾಗೆ.