ಎರಡು ಗುಡ್ಡೆ ತೋಡಿ

ಹೊನ್ನಾಳಿಯ ಗುಜರಿಯವನು ಈ ಹಳೆಯ ಕ್ಯಾಸೆಟ್ಟಿಗೆ ಐನೂರು ಕೇಳಿದ; ಮುನ್ನೂರಕ್ಕೆ ಇಳಿಸಿದೆ. ಹಾಡಿನ ಮೊದಲ ಭಾಗ ನನ್ನಲ್ಲಿದೆ ಎಂಬುದನ್ನು ಅವನಿಗೆ ಹೇಳಲಿಲ್ಲ. ಡಬ್ಬಿ ತೆರೆದರೆ ಈಗಲೂ ಅಜ್ಜನ ನಶ್ಯದ ವಾಸನೆ.

ತೋಡಿ ರಾಗದ ಒಂದೇ ಖಯಾಲನ್ನು ಬೇರೆ ಬೇರೆ ಗಾಯಕರು ಹಾಡಿದ ಕ್ಯಾಸೆಟ್ಟುಗಳನ್ನು ಅಜ್ಜ ಕೂಡಿಟ್ಟಿದ್ದ. ಅವುಗಳಲ್ಲಿ ಒಬ್ಬರ ಹಾಡು ಮಾತ್ರ ಎರಡು ಕ್ಯಾಸೆಟ್ಟುಗಳಷ್ಟು ಉದ್ದ: ಒಂದರಲ್ಲಿ ಮೊದಲಿನ ನಿಧಾನದ ಭಾಗ, ಇನ್ನೊಂದರಲ್ಲಿ ಕೊನೆಯ ವೇಗದ ಭಾಗ. ಅವನು ಹೋದ ಮೇಲೆ ಒಂದು ಮಧ್ಯಾಹ್ನ ಚನ್ನಗಿರಿಯ ನಮ್ಮ ಪಡಸಾಲೆಯಲ್ಲಿ ಪಾಲು ನಡೆಯಿತು. ಹಿರಿಯವನು ಗುಡ್ಡೆ ಮಾಡಬೇಕು, ಕಿರಿಯವನು ಆರಿಸಬೇಕು ಎಂಬುದು ಪದ್ಧತಿ. ಹೊನ್ನಾಳಿಯಲ್ಲಿದ್ದ ದೊಡ್ಡಪ್ಪ ಪಾತ್ರೆಗಳಂತೆ ಕ್ಯಾಸೆಟ್ಟುಗಳನ್ನೂ ಎರಡು ಗುಡ್ಡೆ ಮಾಡಿದ.

"ಲೇ, ಆ ಎರಡೂ ಸೇರಿದ್ರೇನೇ ಒಂದು ಹಾಡು ಕಣ್ರೋ, ಅಗಲಿಸಬ್ಯಾಡ್ರಿ" ಎಂದಳು ಅಜ್ಜಿ.

"ಎಲ್ಲಾ ಒಂದೇ ಹಾಡಲ್ಲೇನವ್ವ? ಯಾವುದು ಎಲ್ಲಿದ್ರೇನು?" ದೊಡ್ಡಪ್ಪ ನಕ್ಕ.

ಅಪ್ಪ ಒಂದು ಗುಡ್ಡೆ ಎಳೆದುಕೊಂಡ. ಅದರಲ್ಲಿ ಆ ಹಾಡಿನ ನಿಧಾನದ ಭಾಗವಷ್ಟೇ ಇತ್ತು.

"ಇನ್ನೊಂದನ್ನೂ ಕೊಡಣ್ಣ, ಅವ್ವ ಕೇಳ್ತಾಳೆ" ಎಂದ ಅಪ್ಪ.

"ಕೊಡಾಕೆ ಏನೈತೆ? ನಿನ್ ಪಾಲಿನ ಹಿತ್ತಲು ಬಿಟ್ಕೊಡು."

"ಹಂಗಾದ್ರೆ ನೀನೂ ಅರ್ಧನೇ ಕೇಳ್ಕೊಂಡು ಸಾಯಿ!" ಎಂದು ಅಪ್ಪ ಎದ್ದ.

ಅಜ್ಜಿ ನಮ್ಮಲ್ಲೇ ಉಳಿದಳು. ಕ್ಯಾಸೆಟ್ಟು ಟಕ್ಕೆಂದು ನಿಂತ ಮೇಲೂ ಟೇಪ್‌ರೆಕಾರ್ಡರಿನ ಮುಂದೆ ಕೂತೇ ಇರುತ್ತಿದ್ದಳು.

ನಿಮ್ಮ ಮನೆಯಲ್ಲೂ ಪಾಲಾಗುವುದಿದ್ದರೆ, ಇಂಥವನ್ನೆಲ್ಲ ಮೊದಲೇ ನಕಲು ಮಾಡಿಸಿಡಿ. ಪಾಲಿಗೆ ಕೂತ ಮೇಲೆ ಕೇಳಿದರೆ, ಸ್ವಂತ ಅಣ್ಣನೂ ಬೆಲೆ ಹೇಳುತ್ತಾನೆ.