ಬೇರೆ ಕಾವಲಿ

ಕದದ ಸಂದಿಯಿಂದ ಹೊರಗೊಮ್ಮೆ ಇಣುಕಿ, ಗಂಗೆ ಕಮಲಾಕರನ ಬಂಗಡೆಯನ್ನು ದೊಡ್ಡ ಕಾವಲಿಗೆ ಹಾಕಿದಳು. ಬೇರೆಯವರ ಮೀನಿನಿಂದ ಉದುರಿದ ರವೆ ಆ ಎಣ್ಣೆಯಲ್ಲಿ ಕರಕಲಾಗಿ ತೇಲುತ್ತಿತ್ತು. ಅವನದೇ ಚಿಕ್ಕ ಕಾವಲಿ ಗೋಡೆಯ ಮೊಳೆಯಲ್ಲಿ ತಣ್ಣಗೆ ತೂಗುತ್ತಿತ್ತು.

"ಅಕ್ಕಿಹಿಟ್ಟಿಗೆ ಮೈದಾ ಸೇರಿಸ್ದ್ಯಾ?" ಹಿಂದಿನಿಂದ ರಮಾನಂದ ಪಿಸುಗುಟ್ಟಿದ.

"ಆತು, ಸೇರಿಸ್ದೆ. ಅವ್ರಿಗೆ ಎಂತಾದ್ರೂ ಆದ್ರೆ ಮಾಸ್ತರೇ?"

"ಜಾತಿ ಹೋಗ್ತದೆ ಗಂಗಕ್ಕಾ. ಅದು ಹೋದ್ರೆ ಯಾರೂ ಸಾಯೂದಿಲ್ಲ."

ಹೊನ್ನಾವರ ಬಂದರಿನ ಆ ಮೀನೂಟದ ಹೋಟೆಲಿಗೆ ಹೆಸರಿರಲಿಲ್ಲ, ಹಠವಿತ್ತು: ಇಲ್ಲಿ ಯಾರಿಗೂ ಬೇರೆ ಇಲ್ಲ. ಒಂದೇ ಕಾವಲಿ, ಒಂದೇ ಬೆಂಚು, ಒಂದೇ ಹಂಡೆಯ ನೀರು. ಮೀನುಬುಟ್ಟಿ ಹೊತ್ತ ತಾಯಿಯ ಹಿಂದೆ ಒಡೆಯರ ಅಂಗಳಗಳಲ್ಲಿ ದೂರ ನಿಂತು ಬೆಳೆದವಳು ಗಂಗೆ. ಆ ಅಂಗಳಗಳಿಗೆ ಅವಳ ಉತ್ತರ ಈ ಹೋಟೆಲು. ಹೈಸ್ಕೂಲು ಮಾಸ್ತರ ರಮಾನಂದ ಭಾನುವಾರ ಇದೇ ಬೆಂಚಿನ ಮೇಲೆ ಹುಡುಗರನ್ನು ಕೂರಿಸಿಕೊಂಡು ಪುಸ್ತಕ ಓದಿಸುತ್ತಿದ್ದ, ವಾದ ಮಾಡಿಸುತ್ತಿದ್ದ. 'ಗಂಗಕ್ಕನ ಒಂದೇ ಕಾವಲಿ' ಅವನ ಭಾಷಣ ಹತ್ತಿ ಕುಮಟೆಯವರೆಗೂ ಹೋಗಿತ್ತು.

ಎಪ್ಪತ್ತೊಂಬತ್ತರ ಮಳೆ ಮುಗಿಯುವ ಹೊತ್ತಿಗೆ ಕಮಲಾಕರ ಬಂದ. ತಾಲೂಕು ಕಚೇರಿಗೆ ವರ್ಗವಾಗಿ ಬಂದ ಗುಮಾಸ್ತ. ಇಸ್ತ್ರಿ ಅಂಗಿ, ಪುಸ್ತಕದ ಕನ್ನಡ. ಮನೆತನದ ಅಡ್ಡಹೆಸರು ಕೇಳಿದರೆ ಮಾತು ತೇಲಿಸುತ್ತಿದ್ದ. ಮೊದಲ ದಿನ ಹೊಸ್ತಿಲಾಚೆಯೇ ನಿಂತಿದ್ದ. ಗಂಗೆ ಕರೆದ ಮೇಲೆ ಒಳಗೆ ಬಂದ. ಚೀಲದಿಂದ ಕಾವಲಿ ತೆಗೆದ.

"ಅಕ್ಕಾ, ನನ್ನ ಮೀನು ಇದರಲ್ಲೇ ಹುರಿಯಿರಿ. ರವೆ ಬೇಡ, ಅಕ್ಕಿಹಿಟ್ಟು ಸಾಕು. ಆ ಎಣ್ಣೆಯೂ ಬೇಡ. ಗೋಧಿ ಸೋಕಿದರೂ ನನ್ನ ಕರುಳಿಗೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ."

ಗೋಧಿಯಿಂದ ರೋಗ! ಬಂದರೆಲ್ಲ ನಕ್ಕಿತು. ಜ್ವರ ಬಂದವರಿಗೆ ಬ್ರೆಡ್ಡು ತಿನ್ನಿಸಿ ಎಬ್ಬಿಸುವ ಊರು ಅದು.

"ಮೊದ್ಲು ಶಾಸ್ತ್ರ ತೋರಿಸ್ತಿದ್ರು, ಈಗ ಡಾಕ್ಟರನ್ನ ತೋರಿಸ್ತಾರೆ," ಎಂದ ರಮಾನಂದ. "ಮಡಿ ಪ್ಯಾಂಟು ಹಾಕ್ಕೊಂಡು ಬಂದದೆ, ಅಷ್ಟೇ."

ಉಂಡೆದ್ದವನು ಎಲೆಯನ್ನು ತಾನೇ ಎತ್ತಿದ. ಲೋಟವನ್ನು ತಾನೇ ತೊಳೆದು ಹೊರಗಿನ ಕಟ್ಟೆಯ ಮೇಲೆ ಬೋರಲು ಹಾಕಿದ. ದಿನವೂ ಅದೇ. ತಾನು ಕುಡಿದ ಲೋಟವನ್ನೂ ನಾವು ಮುಟ್ಟಬಾರದೆಂಬ ಸೊಕ್ಕು ಎಂದುಕೊಂಡಳು ಗಂಗೆ. ದೋಣಿಯ ದಾಸ ಹೆಸರಿಟ್ಟ: "ಮೀನು ತಿಂಬೋ ಭಟ್ರು ಬಂದ್ರು, ಜಾಗ ಬಿಡ್ರೋ!" ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಕಮಲಾಕರ ಒಂದು ಥರ ನಗುತ್ತಿದ್ದ. ಅಲ್ಲವೆನ್ನಲಿಲ್ಲ.

ಆಮೇಲೊಂದು ಮಧ್ಯಾಹ್ನ ದಾಸ ತುಂಬಿದ ಹೋಟೆಲಿನಲ್ಲಿ ಕೂಗಿದ: "ಗಂಗಕ್ಕಾ, ನಂಗೂ ಒಂದು ಬೇರೆ ಕಾವಲಿ ತರ್ಲಾ?" ಎಲ್ಲರೂ ನಕ್ಕರು. ಗಂಗೆಯ ಮುಖಕ್ಕೆ ಬಿಸಿಯೆಣ್ಣೆ ಸಿಡಿದಂತಾಯಿತು. ಚಿಕ್ಕ ಕಾವಲಿ ಮೊಳೆಗೇರಿದ್ದು ಅಂದೇ. ಮೈದಾ ಬೆರೆತದ್ದೂ ಅಂದೇ.

ದಿನಗಳು ಹೋದಂತೆ ಕಮಲಾಕರನ ಬೆಲ್ಟಿಗೆ ಹೊಸ ತೂತು ಬಿತ್ತು. ಕೆನ್ನೆ ಒಳಗಿಳಿಯಿತು. ಊಟದ ನಡುವೆ ಎದ್ದು ಹಿತ್ತಿಲಿಗೆ ಓಡುವನು. ಮರಳಿ ಬರುವಾಗ ಗೋಡೆ ಹಿಡಿಯುವನು.

"ಅಕ್ಕಾ, ಕಾವಲಿ ಬೇರೆಯೇ ಅಲ್ಲವೇ?"

"ಬೇರೆಯೇ."

"ಸುಮ್ಮನೆ ಕೇಳಿದೆ. ಈ ಊರಲ್ಲಿ ನಾನು ನಂಬಿ ಉಣ್ಣುವುದು ನಿಮ್ಮ ಕೈಯಲ್ಲಿ ಮಾತ್ರ. ಇನ್ನೊಂದು ಮೀನು ಹಾಕಿ, ಮೈಗೆ ಹತ್ತಲಿ."

ಅವಳು ಹಾಕಿದಳು. ಅವನು ಹೋದ ಮೇಲೆ ರಮಾನಂದನ ಕಡೆ ತಿರುಗಿದಳು.

"ಸಾಕು ಮಾಡ್ವಾ ಮಾಸ್ತರೇ. ಮನ್ಷ ಇಳ್ದು ಹೋಗ್ತಾ ಇದ್ದಾನೆ."

"ಸೊಕ್ಕು ಇಳೀತಾ ಅದೆ. ಈಗ ನೀನು ಸೋತ್ರೆ ನಾಳೆ ಊರಿಗೆಲ್ಲ ಬೇರೆ ಬೇರೆ ಕಾವಲಿ."

ಒಂದು ದಿನ ಅವನ ಜಾಗ ಖಾಲಿ ಇತ್ತು. ಕಚೇರಿಯವರು ಜೀಪಿನಲ್ಲಿ ಮಲಗಿಸಿಕೊಂಡು ಉಡುಪಿ ಕಡೆಯ ದೊಡ್ಡಾಸ್ಪತ್ರೆಗೆ ಒಯ್ದರೆಂದು ದಾಸ ಸುದ್ದಿ ತಂದ. ಅಂದು ಯಾರ ಬಾಯಲ್ಲೂ 'ಭಟ್ರು' ಬರಲಿಲ್ಲ.

ಆ ವಾರವೇ ಮುದುಕಿಯೊಬ್ಬಳು ಬಸ್ಸಿಳಿದು ಬಂದು ಹೋಟೆಲಿನ ಮೆಟ್ಟಿಲಲ್ಲಿ ನಿಂತಳು. ಒಗೆದ ಬಿಳಿ ಸೀರೆ. ಹೋಗಿಬರುವ ಯಾರಿಗೂ ತಾಗದಂತೆ ಸೆರಗನ್ನು ಮೈಗೆ ಬಿಗಿದುಕೊಂಡಿದ್ದಳು. ಒಳಗೆ ಕರೆದರೆ ಬರಲಿಲ್ಲ.

"ನಾನು ಕಮಲಾಕರನ ಅವ್ವ," ಎಂದಳು. "ಗೋಧಿ ಎಲ್ಲಿ ತಿಂದೆ ಅಂತ ಡಾಕ್ಟ್ರು ಕೇಳ್ತಾರೆ. ಇಲ್ಲವೇ ಇಲ್ಲ, ಗಂಗಕ್ಕ ಬೇರೆ ಕಾವಲೀಲೇ ಹುರೀತಾಳೆ ಅಂತಾನೆ ಇವ. ಹಂಗಾದ್ರೆ ಇದು ಬೇರೆ ರೋಗ, ನಾಳೆ ಹೊಟ್ಟೆ ಕೊಯ್ದು ನೋಡ್ತೀವಿ ಅಂದ್ರು. ಈ ಮೈಯಾಗೆ ಕೊಯ್ದ್ರೆ ಉಳಿಯೋದು ಕಷ್ಟ ಅಂತಾನೂ ಅಂದ್ರು. ಒಂದು ಸಲ ನಾನೇ ಕೇಳ್ಕಂಡು ಬರ್ತೀನಿ ಅಂತ ಬಂದೆ ತಾಯಿ."

ಗಂಗೆ ಮೊಳೆಯತ್ತ ನೋಡಿದಳು. ಚಿಕ್ಕ ಕಾವಲಿಗೆ ಜೇಡ ಬಲೆ ಕಟ್ಟಿತ್ತು.

"ಕೊಯ್ಯೂದು ಬೇಡ ಅಂತ ಹೇಳಿ. ಗೋಧಿ ತಿಂದಿದ್ದಾರೆ. ನಾನೇ ತಿನ್ಸಿದೆ."

ಮುದುಕಿ ಬೈಯಲಿಲ್ಲ. "ಯಾಕೆ?" ಎಂದಳು, ಅಷ್ಟೇ.

ಬಾಯಿ ಹಾಕಿದವನು ರಮಾನಂದ. "ಯಾಕಂದ್ರೆ ಇಲ್ಲಿ ಯಾರಿಗೂ ಬೇರೆ ಇಲ್ಲ. ನಿಮ್ಮ ಮಡಿ ನಿಮ್ಮ ಮನೇಲಿರ್ಲಿ." ಮಾತು ಗಟ್ಟಿಯಿತ್ತು, ದನಿ ಗಟ್ಟಿಯಿರಲಿಲ್ಲ.

ಮುದುಕಿಗೆ ಅದು ಅರ್ಥವಾದಂತೆ ಕಾಣಲಿಲ್ಲ. ಹಿಂದಿರುಗುವ ಬಸ್ಸು ಹಾರ್ನು ಬಾರಿಸುತ್ತಿತ್ತು. ಒಣಗಿದ ಗಂಟಲಿನಿಂದ, "ಒಂದಿಷ್ಟು ನೀರು" ಎಂದಳು.

ರಮಾನಂದನೇ ತುಂಬಿ ತಂದ. ಮೀನು ಬೇಯಿಸುವ ಹೋಟೆಲಿನ, ಎಲ್ಲರ ಬಾಯಿ ತಾಗಿದ ಲೋಟ. ಕುಡಿಯಲಿ ನೋಡೋಣ ಎಂಬಂತೆ ಅವಳ ಮುಖದೆದುರು ಹಿಡಿದ. ಮುದುಕಿ ಬೆಚ್ಚಿ ಹಿಂದೆ ಸರಿದಳು.

"ಕಂಡ್ಯಾ ಗಂಗಕ್ಕಾ?" ಅವನು ಗೆದ್ದವನಂತೆ ತಿರುಗಿದ.

ಗಂಗೆಯ ಕಣ್ಣು ಅವನನ್ನು ದಾಟಿ ಹೋಗಿತ್ತು.

ಮುದುಕಿ ಮೆಟ್ಟಿಲಿಳಿದು, ರಸ್ತೆಯ ಧೂಳಿನಲ್ಲಿ ಬಗ್ಗಿ ನಿಂತು, ಬೊಗಸೆಯನ್ನು ಬಾಯಿಗೆ ಹಿಡಿದಿದ್ದಳು: "ಲೋಟ ಬ್ಯಾಡ ಒಡೆಯಾ, ನಾವು ಮುಟ್ಟಿದ್ರೆ ಮೈಲಿಗೆ. ಮೇಲಿಂದ ಹೊಯ್ರಿ."