ಓಬವ್ವನ ಎರಡನೇ ಡೋಸ್

ಓಬವ್ವ ಬಂದು ಎದುರಿನ ಕುರ್ಚಿಯಲ್ಲಿ ಕುಳಿತಾಗ ನರ್ಸ್ ಮೀನಾಕ್ಷಿಗೆ ನಂಬಲಾಗಲಿಲ್ಲ. ಬೆಳಿಗ್ಗೆಯಿಂದ ಹಟ್ಟಿಯ ಶಾಲೆ ಜಗುಲಿಯಲ್ಲಿ ಲಸಿಕೆಯ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಒಬ್ಬರೂ ಇತ್ತ ತಲೆ ಹಾಕಿರಲಿಲ್ಲ. ಬಂದವಳು ಈಕೆಯೊಬ್ಬಳೇ. ಯಾರು ಬಂದರೂ ಈಕೆ ಮಾತ್ರ ಬರಲಾರಳು ಎಂದುಕೊಂಡಿದ್ದಳು ಮೀನಾಕ್ಷಿ.

ಮೂರು ತಿಂಗಳ ಹಿಂದೆ ಇದೇ ಜಗುಲಿಯಲ್ಲಿ ಓಬವ್ವ ಮತ್ತು ಅವಳ ಗಂಡ ಮುದ್ದಪ್ಪ ಒಟ್ಟಿಗೇ ಕೋವಿಡ್ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡಿದ್ದರು. ನಾಲ್ಕನೇ ದಿನ ಕುರಿ ಹೊಡೆದುಕೊಂಡು ಹೋದ ಮುದ್ದಪ್ಪ ಗುಡ್ಡ ಹತ್ತುವಾಗ ಕುಸಿದು ಬಿದ್ದ, ಏಳಲಿಲ್ಲ. ಹೃದಯಾಘಾತ ಎಂದರು ಹಿರಿಯೂರಿನ ಡಾಕ್ಟರು. ಸೂಜಿಯಿಂದಲೇ ಎಂದಿತು ಹಟ್ಟಿ. ಅಂದಿನಿಂದ ಮೀನಾಕ್ಷಿ ಬಂದಳೆಂದರೆ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು.

"ಎರಡನೇದು ಹಾಕು ನರ್ಸಮ್ಮ," ಎಂದಳು ಓಬವ್ವ, ರವಿಕೆಯ ತೋಳು ಮೇಲೆ ಸರಿಸುತ್ತ.

"ಹೆದ್ರಿಕೆ ಆಗಲ್ವೇನಮ್ಮ?"

"ಆಗ್ತೈತೆ. ಒಂದು ಮಾತು ಕೇಳ್ತೀನಿ, ನಿಜ ಹೇಳು. ನಮ್ಮನೆಯೋರು ಹೋಗಿದ್ದು ಇದ್ರಿಂದ್ಲಾ?"

ಮೀನಾಕ್ಷಿ ಲಸಿಕೆಯ ಡಬ್ಬಿ ಬದಿಗಿಟ್ಟಳು. "ಅಲ್ಲ ಅಂತ ಡಾಕ್ಟ್ರು ಹೇಳಿದ್ರು. ನಾನೂ ಅದನ್ನೇ ನಂಬಿದೀನಿ. ಆದ್ರೂ ಅವರಿಗೆ ಹಾಕಿದ ಕೈ ನಂದೇ ಅಲ್ವಾ? ಬಾಳ ದಿನ ನಂಗೆ ಅನ್ನ ಸೇರ್ಲಿಲ್ಲ."

ಒಂದು ವರ್ಷದಿಂದ ಗಂಡ ಗುಡ್ಡ ಹತ್ತುವಾಗಲೆಲ್ಲ ನಿಂತು ನಿಂತು ಎದೆ ನೀವಿಕೊಳ್ಳುತ್ತಿದ್ದುದನ್ನು ಓಬವ್ವ ಕಂಡಿದ್ದಳು. ಸಾಯುವ ದಿನ ಬೆಳಿಗ್ಗೆ ಅದೇ ಗಂಡ ಎರಡು ಮುದ್ದೆ ಉಂಡು ನಗುತ್ತ ಹೊರಟಿದ್ದನ್ನೂ ಕಂಡಿದ್ದಳು. ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

ಅಷ್ಟರಲ್ಲಿ ಬೇವಿನ ಮರದ ಕೆಳಗೆ ಕೂತು ನೋಡುತ್ತಿದ್ದ ಗಂಡಸರ ಗುಂಪಿನಿಂದ ಮೈದುನ ಕಾಟಯ್ಯ ಓಡಿ ಬಂದ. "ಎದ್ದೇಳತ್ಗೆ! ನಮ್ಮಣ್ಣನ್ನ ಕಳ್ಕಂಡಿದ್ದು ಸಾಕಾಗಿಲ್ವಾ?"

"ನೀನು ವರ್ಷಾ ವರ್ಷಾ ಕುರಿಗೆ ಸೂಜಿ ಹಾಕಿಸ್ತೀಯಲ್ಲ ಕಾಟಯ್ಯ. ಹೋದ ವರ್ಷ ಹಾಕಿಸಿದ್ ಮೇಲೂ ಒಂದೆರಡು ಸತ್ವು. ಈ ವರ್ಷ ಬಿಟ್ಯಾ?"

"ಕುರಿ ಹೋದ್ರೆ ಇನ್ನೊಂದು ಮರಿ ಬರ್ತೈತೆ. ನಮ್ಮಣ್ಣ ಬರ್ತಾನಾ?"

ಓಬವ್ವನ ಕಣ್ಣು ತುಂಬಿತು. ಆದರೆ ಕುರ್ಚಿ ಬಿಟ್ಟು ಏಳಲಿಲ್ಲ.

"ಕಾವ್ಯ ಫೋನ್ ಮಾಡಿದ್ಲು," ಎಂದಳು. ಕಾವ್ಯಶ್ರೀ ಅವಳ ಮಗಳು, ಚಿಕ್ಕಜಾಜೂರಿಗೆ ಕೊಟ್ಟಿದ್ದರು. ಈಗ ತುಂಬಿದ ಬಸುರಿ. "ಅಲ್ಲಿ ಬಸ್ರೇರಿಗೂ ಹಾಕ್ತಾರಂತೆ. ಹಾಕಿಸ್ಕಳ್ಲಾ ಬ್ಯಾಡ್ವಾ ಅವ್ವ, ಅಪ್ಪಂಗೆ ಹಂಗಾತಲ್ಲ ಅಂತ ಅಳ್ತಾಳೆ. ಅವ್ಳ ಓಣೀಲಿ ಒಬ್ಬ ಬಾಣಂತಿ ಈ ಕೊರೊನಾ ಜ್ವರಕ್ಕೇ ಹೋದ್ಲಂತೆ. ಹಾಕಿಸ್ಕ ಅಂದು ಏನಾರ ಆದ್ರೆ? ಬ್ಯಾಡ ಅಂದು ಏನಾರ ಆದ್ರೆ? ನಂಗೇನು ಗೊತ್ತೈತೆ? ಮೊದ್ಲು ನನ್ನ ಮೈಗೆ ಹಾಕಿಸ್ಕಂತೀನಿ, ಆಮೇಲೆ ಹೇಳ್ತೀನಿ."

"ನಿಂಗೇ ಏನಾರ ಆದ್ರೆ?" ಎಂದ ಕಾಟಯ್ಯ.

"ಆಗ್ಲೂ ಅವ್ಳಿಗೆ ಉತ್ರ ಸಿಕ್ಕಂಗೇ ಅಲ್ವಾ? ಹಾಕು ನರ್ಸಮ್ಮ."

ಮೀನಾಕ್ಷಿ ಸೂಜಿ ಕೈಗೆತ್ತಿಕೊಂಡಳು. ಓಬವ್ವ ಮುಖ ತಿರುಗಿಸದೆ ಸೂಜಿ ತೋಳಿಗೆ ಇಳಿಯುವುದನ್ನೇ ನೋಡಿದಳು. ಅರ್ಧ ಗಂಟೆ ಕೂತಿರಬೇಕೆಂದು ಹೇಳಿದಾಗ ಕೂತಳು. ಬೈದುಕೊಂಡು ಹೊರಟುಹೋಗುವನೆಂದು ಮೀನಾಕ್ಷಿ ಎಣಿಸಿದ್ದ ಕಾಟಯ್ಯನೂ ಜಗುಲಿಯ ಕಂಬಕ್ಕೆ ಒರಗಿ ಅಲ್ಲೇ ಕುಳಿತ.

"ಕಾವ್ಯಂಗೆ ಫೋನ್ ಮಾಡು ಮತ್ತೆ, ಹಾಕಿಸ್ಕಂಡೆ ಅಂತ," ಎಂದ, ಮುಖ ಗಂಟಿಕ್ಕಿಕೊಂಡೇ.

"ಈಗ ಮಾಡಲ್ಲ. ಹಾಕಿಸ್ಕಂಡೆ ಅಂತ ಹೇಳಾದು ದೊಡ್ಡದಲ್ಲ. ಬದುಕಿದೀನಿ ಅಂತ ಹೇಳ್ಬೇಕು."

ಮರುದಿನ ಮೈ ಕಾದಿತ್ತು, ತೋಳು ಎತ್ತಲಾಗುತ್ತಿರಲಿಲ್ಲ. ಒಂದು ದಿನ ಮಲಗಿದಳು. ಮಾರನೆಯ ದಿನ ಎದ್ದು ಕುರಿ ಹೊರಡಿಸಿದಳು. ಗುಡ್ಡದ ಬುಡ ತಲುಪುವಷ್ಟರಲ್ಲಿ ಕಾಟಯ್ಯನ ಹಿಂಡೂ ಹಿಂದೆಯೇ ಬಂತು. "ಈ ಕಡೆ ಹುಲ್ಲು ಚೆನ್ನಾಗೈತೆ," ಎಂದ, ಅವಳು ಕೇಳದಿದ್ದರೂ. ಸ್ವಲ್ಪ ದೂರದಲ್ಲಿ ನಿಂತು ಇಡೀ ದಿನ ಅವಳ ಮೇಲೆಯೇ ಕಣ್ಣಿಟ್ಟಿದ್ದ.

ನಾಲ್ಕನೇ ದಿನ, ಗಂಡ ಬಿದ್ದ ಕಲ್ಲಿನ ಬಳಿ ಬಂದಾಗ ಅವಳ ಎದೆ ಡವಡವ ಹೊಡೆದುಕೊಂಡಿತು. ಅದು ಭಯವೋ, ಮೈಯೊಳಗೇ ಏನಾದರೂ ಆಗುತ್ತಿದೆಯೋ ಗೊತ್ತಾಗಲಿಲ್ಲ. ಕಲ್ಲಿನ ಮೇಲೆ ಕುಳಿತಳು. ಕಾಟಯ್ಯ ಹಿಂಡು ಬಿಟ್ಟು ಓಡಿ ಬಂದ. ಅವನು ಹತ್ತಿರ ಬರುವ ಮೊದಲೇ ಎದ್ದು ನಿಂತು, ಕೋಲು ಬೀಸಿ ಕುರಿಗಳನ್ನು ಹಿಂದಕ್ಕೆ ಹೊಡೆದಳು.

ಮರುದಿನ ಅವಳು ಆ ಕಲ್ಲನ್ನು ದಾಟಿ ಗುಡ್ಡದ ನೆತ್ತಿಯವರೆಗೆ ಹತ್ತಿದಳು. ಹಟ್ಟಿ ಬಿಟ್ಟರೆ ಅಲ್ಲಿ ಮಾತ್ರ ಫೋನಿಗೆ ಸಿಗ್ನಲ್ ಸಿಗುತ್ತಿತ್ತು. ಮಗಳಿಗೆ ಫೋನ್ ಹಚ್ಚಿದಳು.

"ಅವ್ವಾ? ಯಾಕಂಗೆ ಏದುಸಿರು ಬಿಡ್ತಿದೀಯ? ಏನಾತು?" ಕಾವ್ಯಶ್ರೀ ಗಾಬರಿಯಾದಳು.

"ಏನೂ ಆಗಿಲ್ಲ ಕಣೆ. ಎರಡನೇ ಸೂಜಿ ಹಾಕಿಸ್ಕಂಡು ಐದು ದಿನ ಆತು. ನಿಮ್ಮಪ್ಪ ಬಿದ್ದ ಜಾಗ ದಾಟಿ ಗುಡ್ಡ ಹತ್ತಿ ನಿಂತೀನಿ. ಚೆನ್ನಾಗಿ ಕೇಳ್ಸ್ಕ. ಆಮೇಲೆ ನೀನೇ ತೀರ್ಮಾನ ಮಾಡು."

ಓಬವ್ವ ಫೋನನ್ನು ಬಾಯಿಯ ಹತ್ತಿರ ಹಿಡಿದು ಜೋರಾಗಿ ಉಸಿರಾಡತೊಡಗಿದಳು.